ಡೆನ್ಜಿಲ್‌ನ ಉಪವಾಸಕ್ಕೆ ಪ್ರಾಯೋಜಕರು

ಡೆನ್ಜಿಲ್ ಟ್ರೆವಿನ್ ಕುಡಿತ ಬಿಟ್ಟದ್ದು ಭಕ್ತಿಯಿಂದಲ್ಲ, ಆರೋಗ್ಯಕ್ಕಾಗಿಯೂ ಅಲ್ಲ. ಇಬ್ಬರು ಗೆಳೆಯರಿಗೆ ಒಂದೊಂದು ಗ್ಲಾಸು ಬಿಯರ್ ಕೊಡಿಸುವ ಯೋಗ್ಯತೆ ಅವನ ಬ್ಯಾಂಕ್ ಕಾರ್ಡಿಗೆ ಉಳಿದಿರಲಿಲ್ಲ, ಅಷ್ಟೆ.

ಲೀಡ್ಸ್‌ನ ಪಬ್ಬುಗಳಲ್ಲಿ ಯಾರೂ ತಮ್ಮದನ್ನು ತಾವು ಕೊಂಡು ಕುಡಿಯುವುದಿಲ್ಲ. ಮೂವರು ಹೋದರೆ ಒಬ್ಬ ಮೂವರಿಗೂ ತರುತ್ತಾನೆ, ಅದು ಖಾಲಿಯಾದಾಗ ಎರಡನೆಯವನು ಏಳಬೇಕು, ಆಮೇಲೆ ಮೂರನೆಯವನು. ಬೇರೆಯವರ ದುಡ್ಡಲ್ಲಿ ಒಂದು ಗ್ಲಾಸು ಇಳಿಸಿ ತನ್ನ ಸರದಿ ಬರುವ ಮುಂಚೆ ಜಾರಿಕೊಂಡವನ ಕಥೆಯನ್ನು ಜನ ಅವನ ಮದುವೆಯ ದಿನದವರೆಗೂ ನೆನಪಿಟ್ಟು, ಮದುವೆಯಲ್ಲಿ ಭಾಷಣ ಮಾಡುವಾಗ ತೆಗೆಯುತ್ತಾರೆ. ಹೀಗಾಗಿ ಕೈ ಖಾಲಿಯಾದವನಿಗೆ ಇಲ್ಲಿ ಒಂದೇ ದಾರಿ. ಮೊದಲನೇ ಗ್ಲಾಸನ್ನೇ ಮುಟ್ಟಬಾರದು.

ಡೆನ್ಜಿಲ್‌ನ ಕೈ ಖಾಲಿಯಾದದ್ದಕ್ಕೆ ದೊಡ್ಡ ಕಥೆಯೇನಿಲ್ಲ. ಕಾರ್ನ್‌ವಾಲಿನ ತುದಿಯ ಮೀನುಗಾರರ ಊರಿನಿಂದ ಇತಿಹಾಸ ಓದಲು ಬಂದ ಹುಡುಗ, ಎರಡನೇ ವರ್ಷ. ಬಂದ ಮೊದಲ ವಾರದಲ್ಲೇ ಬ್ಯಾಂಕಿನವರು ನಗುನಗುತ್ತಾ ಒಂದು ಓವರ್‌ಡ್ರಾಫ್ಟ್ ಕೊಟ್ಟಿದ್ದರು. ಖಾತೆಯಲ್ಲಿ ಏನೂ ಇಲ್ಲದಿದ್ದರೂ ಸಾವಿರದೈನೂರು ಪೌಂಡಿನವರೆಗೆ ತೆಗೆಯಬಹುದು, ಬಡ್ಡಿಯಿಲ್ಲ. ಇಲ್ಲಿನ ವಿದ್ಯಾರ್ಥಿಗಳಿಗೆ ಅದು ಸಾಲ ಅನ್ನಿಸುವುದೇ ಇಲ್ಲ. "ನನ್ನ ಹತ್ರ ಇನ್ನೂ ಮುನ್ನೂರಿದೆ" ಎಂದು ಯಾರಾದರೂ ಹೇಳಿದರೆ, ಮುಳುಗಲು ಇನ್ನೂ ಮುನ್ನೂರು ಬಾಕಿ ಇದೆ ಎಂದರ್ಥ. ಜನವರಿಯಲ್ಲಿ ಅವನು ಶನಿವಾರ ಕೆಲಸ ಮಾಡುತ್ತಿದ್ದ ಕಾಫಿ ಅಂಗಡಿ ಬಾಗಿಲು ಹಾಕಿತು. ಫೆಬ್ರವರಿಯಲ್ಲಿ ಮನೆ ಬಾಡಿಗೆಯೂ ಗ್ಯಾಸಿನ ಬಿಲ್ಲೂ ಒಂದೇ ವಾರ ಖಾತೆಯಿಂದ ತಾವಾಗಿಯೇ ಹೊರಟುಹೋದವು. ಸಾವಿರದೈನೂರರ ಗೆರೆ ದಾಟಿ ಇನ್ನೂರೈವತ್ತು ಪೌಂಡು ಕೆಳಗೆ ಹೋದ ಮೇಲೆ ಬ್ಯಾಂಕು ಕಾರ್ಡನ್ನು ನಿಲ್ಲಿಸಿತು. ಓದಿಗೆಂದು ಸರ್ಕಾರ ಕೊಡುವ ಸಾಲದ ಮುಂದಿನ ಕಂತು ಬರುವುದು ಈಸ್ಟರ್ ರಜೆ ಕಳೆದ ಮೇಲೆ. ಅದೂ ಬಂದ ದಿನವೇ ಬೇಸಿಗೆಯ ಬಾಡಿಗೆಗೆ ಹೋಗುವಂಥದ್ದು.

ನೀರು ಕಾಯಿಸುವ, ಮನೆ ಬೆಚ್ಚಗಿಡುವ ಆ ಗ್ಯಾಸಿನ ಬಿಲ್ಲು ಇವನ ಹೆಸರಿನಲ್ಲಿ ಯಾಕಿತ್ತು? ಮನೆಗೆ ಬಂದ ದಿನ ಕಂಪನಿಯವರು ಫೋನು ಮಾಡಿದಾಗ ಮನೆ ಹಂಚಿಕೊಂಡಿದ್ದ ಉಳಿದಿಬ್ಬರು ಸೋಫಾ ಹೊರುತ್ತಿದ್ದರು, ಇವನು ಫೋನು ಎತ್ತಿದ. ಆ ಇಬ್ಬರಲ್ಲಿ ಒಬ್ಬಳು ಮೇವ್, ಲಿವರ್‌ಪೂಲಿನ ಕಡೆಯ ಹುಡುಗಿ, ನರ್ಸಿಂಗ್ ಓದುತ್ತಿದ್ದಳು. ತನ್ನ ಪಾಲನ್ನು ತಡವಾಗಿಯಾದರೂ ಕಳಿಸುತ್ತಿದ್ದಳು. ಇನ್ನೊಬ್ಬ ರೂಪರ್ಟ್. ದೊಡ್ಡ ಮನೆಯ ಮಾತು, ದೊಡ್ಡ ಮನೆಯ ನಗು. ಅಕ್ಟೋಬರಿನಿಂದ ಅವನು ಗ್ಯಾಸಿಗೆ ಒಂದು ಪೆನ್ನಿಯನ್ನೂ ಕಳಿಸಿರಲಿಲ್ಲ. ಕೆಟ್ಟವನೇನಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು, ಎಲ್ಲಿಂದ ಎಂದು ಅವನು ಯೋಚಿಸಿದವನಲ್ಲ. ದಿನಕ್ಕೆ ಎರಡು ಸಲ ಸ್ನಾನದ ತೊಟ್ಟಿಯನ್ನು ಕಂಠಮಟ್ಟ ತುಂಬಿಸಿಕೊಂಡು ಹಾಡುತ್ತಿದ್ದ.

ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದ್ದ. ನವೆಂಬರಿನಲ್ಲಿ ಒಂದು ಮೆಸೇಜು ಕಳಿಸಿದ್ದ. ಅದನ್ನು ಬರೆಯಲು ಅರ್ಧ ದಿನ ತೆಗೆದುಕೊಂಡಿದ್ದ. "ಗ್ಯಾಸಿನ ಬಿಲ್ಲು ಬಂದಿದೆ. ಅವಸರವೇನಿಲ್ಲ. ಸುಮ್ಮನೆ ಹೇಳಿದೆ. ಕ್ಷಮಿಸು." ತನಗೆ ಬರಬೇಕಾದ ದುಡ್ಡನ್ನು ಕೇಳುವಾಗ ಕ್ಷಮೆ ಕೇಳದೆ ಬಾಯಿ ಬಿಡುವ ವಿದ್ಯೆ ಇಂಗ್ಲಿಷರಿಗೆ ಬಂದಿಲ್ಲ. ಅವಸರವಿಲ್ಲ ಎಂದಿದ್ದರಿಂದ ರೂಪರ್ಟ್ ಅವಸರ ಮಾಡಲಿಲ್ಲ.

ಈಸ್ಟರಿಗೆ ಮುಂಚಿನ ನಲವತ್ತು ದಿನ ಇಷ್ಟವಾದದ್ದೊಂದನ್ನು ಬಿಡುವ ವ್ರತಕ್ಕೆ ಇಲ್ಲಿ ಲೆಂಟ್ ಎನ್ನುತ್ತಾರೆ. ಅದು ಶುರುವಾಗುವ ಹಿಂದಿನ ದಿನ, ಊರೆಲ್ಲ ಪ್ಯಾನ್‌ಕೇಕ್ ಹೊಯ್ಯುವ ಮಂಗಳವಾರ, ಮೂವರೂ ಶಿಯರರ್ಸ್ ಪಬ್ಬಿನಲ್ಲಿ ಕೂತಿದ್ದರು. ರೂಪರ್ಟ್ ಎದ್ದ.

"ಏನ್ ತರ್ಲಿ ಗುರೂ? ಯಾವಾಗ್ಲೂ ಕುಡಿಯೋದೇನಾ?"

"ಬೇಡ ಕಣೋ. ನಾನು ಲೆಂಟಿಗೆ ಕುಡಿಯೋದ್ ಬಿಟ್ಟಿದೀನಿ."

"ಲೆಂಟ್ ನಾಳೆಯಿಂದ ಕಣೋ. ಇವತ್ತು ಕುಡಿ, ನಾಳೆ ಬಿಡು. ಎಲ್ರೂ ಹಂಗೇ ಮಾಡೋದು."

"ಇವತ್ತಿಂದ್ಲೇ ರೂಢಿ ಆಗ್ಲಿ ಅಂತ."

ಮೇವ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನ್ಯಾವಾಗಿಂದ ದೇವ್ರನ್ನ ನಂಬೋಕೆ ಶುರು ಮಾಡ್ದೆ ಮಾರಾಯ? ಹೋದ್ ಕ್ರಿಸ್‌ಮಸ್‌ಗೆ ಚರ್ಚಿನ್ ಬಾಗ್ಲಲ್ಲಿ ನಿಂತ್ಕೊಂಡು ಚಿಪ್ಸ್ ತಿಂತಿದ್ದೆ."

"ದೇವ್ರಿಗಲ್ಲ. ಒಂದ್ ಒಳ್ಳೇ ಕೆಲ್ಸಕ್ಕೆ."

"ಯಾವ್ ಕೆಲ್ಸಕ್ಕೆ?"

ಅವಳ ತಲೆಯ ಹಿಂದೆ ಗೋಡೆಯಲ್ಲಿ ಒಂದು ಕಾಗದ ಅಂಟಿಸಿದ್ದರು. ಸೇಂಟ್ ವಿಲ್ಫ್ರಿಡ್ ಚರ್ಚಿನ ಸಭಾಂಗಣದಲ್ಲಿ ಪ್ರತಿ ಗುರುವಾರ ಫುಡ್ ಬ್ಯಾಂಕ್, ಇಲ್ಲದವರಿಗೆ ದಿನಸಿ. ಡೆನ್ಜಿಲ್ ಅದನ್ನೇ ಓದಿ ಹೇಳಿದ. "ಫುಡ್ ಬ್ಯಾಂಕಿಗೆ. ವಿಲ್ಫ್ರಿಡ್ ಚರ್ಚಿಂದು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ದೇಶದವರ ದಾನದ ರೀತಿಯೇ ಬೇರೆ. ಸುಮ್ಮನೆ ಕೊಡು ಎಂದರೆ ಕೊಡುವುದಿಲ್ಲ, ಯಾರಾದರೂ ಒಬ್ಬರು ಕಷ್ಟಪಡುವುದನ್ನು ನೋಡಬೇಕು. ಒಬ್ಬ ತಲೆ ಬೋಳಿಸಿಕೊಳ್ಳುತ್ತಾನೆ, ಒಬ್ಬಳು ಬೆಟ್ಟ ಹತ್ತುತ್ತಾಳೆ, ಮತ್ತೊಬ್ಬ ಡಬ್ಬಿ ಬೀನ್ಸ್ ತುಂಬಿದ ತೊಟ್ಟಿಯಲ್ಲಿ ದಿನವಿಡೀ ಕೂರುತ್ತಾನೆ. ಉಳಿದವರು ಅವನ ಕಷ್ಟಕ್ಕೆ ಪ್ರಾಯೋಜಕರಾಗಿ, ಇಷ್ಟು ಪೌಂಡು ಎಂದು ಹೇಳಿ, ಅದನ್ನು ಒಂದು ಒಳ್ಳೆಯ ಕೆಲಸಕ್ಕೆ ಕೊಡುತ್ತಾರೆ. ರೂಪರ್ಟನ ಕಣ್ಣು ತೇವವಾಯಿತು.

"ಎಂಥಾ ಮನುಷ್ಯ ಕಣೋ ನೀನು! ಬಾಯ್ಬಿಟ್ ಹೇಳ್ಳೇ ಇಲ್ವಲ್ಲ. ತಗೋ, ನಂದು ಐವತ್ತು."

"ನಂದು ಹತ್ತು," ಎಂದಳು ಮೇವ್. "ನರ್ಸಿಂಗ್ ಓದೋಳ ಹತ್ತು ಅಂದ್ರೆ ಇವನ ಐನೂರಕ್ಕೆ ಸಮ, ನೆನಪಿರ್ಲಿ."

"ಬೇಡ ಬೇಡ," ಎಂದ ಡೆನ್ಜಿಲ್. "ಈಗ್ಲೇ ಯಾಕೆ... ಯಾವ್ದಾದ್ರೂ ವೆಬ್‌ಸೈಟಲ್ಲಿ..."

"ವೆಬ್‌ಸೈಟ್ನೋರು ಕಮಿಷನ್ ಹೊಡೀತಾರೆ. ನಿನ್ ಅಕೌಂಟ್ ನಂಬರ್ ಎಲ್ರ ಹತ್ರಾನೂ ಇದ್ಯಲ್ಲ, ಗ್ಯಾಸಿಂದು!"

ಅಕ್ಟೋಬರಿನಿಂದ ರೂಪರ್ಟನ ಫೋನಿನಲ್ಲಿ ತಣ್ಣಗೆ ಮಲಗಿದ್ದ ಆ ನಂಬರು ಅಂದು ಮೊದಲ ಬಾರಿಗೆ ಕೆಲಸಕ್ಕೆ ಬಂತು. ಡೆನ್ಜಿಲ್‌ನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಐವತ್ತು ಪೌಂಡು ಬಂದಿದೆ, ಜೊತೆಗೊಂದು ಸಾಲು, "ಸಂತ ಡೆನ್ಜಿಲನಿಗೆ". ರೂಪರ್ಟ್ ಗ್ಯಾಸಿಗೆ ಕೊಡಬೇಕಾಗಿದ್ದು ಅದರ ನಾಲ್ಕರಷ್ಟಿತ್ತು. ಡೆನ್ಜಿಲ್ ಥ್ಯಾಂಕ್ಸ್ ಹೇಳಿ, ನಲ್ಲಿ ನೀರು ಕುಡಿದು, ಇಬ್ಬರ ಜೊತೆ ನಕ್ಕ.

ಮರುದಿನ ಆ ಅರವತ್ತು ಪೌಂಡನ್ನು ತೆಗೆದು ಒಂದು ಲಕೋಟೆಯಲ್ಲಿ ಬೇರೆ ಇಡೋಣವೆಂದು ಎಟಿಎಂ ಯಂತ್ರದ ಮುಂದೆ ನಿಂತ. ಯಂತ್ರ ಕಾರ್ಡನ್ನು ಉಗಿಯಿತು. ಬ್ಯಾಂಕಿಗೆ ಫೋನು ಮಾಡಿದ. ಅರ್ಧ ಗಂಟೆ ಪಿಟೀಲು ಕೇಳಿಸಿದ ಮೇಲೆ ಕೀರನ್ ಎಂಬುವನು ಬಂದ. ತುಂಬಾ ಒಳ್ಳೆಯ ಧ್ವನಿ.

"ಡೆನ್ಜಿಲ್, ಹೇಗಿದೀರಿ ಇವತ್ತು? ನಿಮ್ಮ ಅಕೌಂಟಿಗೆ ಅರವತ್ತು ಬಂದಿದೆ, ನೋಡಿ ಖುಷಿಯಾಯ್ತು. ಹೀಗೇ ಮುಂದುವರಿಸಿ."

"ಅದು ನನ್ ದುಡ್ಡಲ್ಲ. ದಾನದ ದುಡ್ಡು. ಬಡವರಿಗೆ ಅಂತ ಕೊಟ್ಟಿದ್ದು."

"ಖಂಡಿತ ಅರ್ಥ ಆಗುತ್ತೆ. ಆದ್ರೆ ಅಕೌಂಟ್ ನಿಮ್ದು."

"ಅದನ್ನ ವಾಪಸ್ ತೆಗೀಬೇಕಲ್ಲ ನಾನು."

"ತೆಗೀಬೇಕಾದ್ರೆ ಅಲ್ಲಿ ದುಡ್ಡಿರ್ಬೇಕಲ್ವಾ ಡೆನ್ಜಿಲ್? ಈಗ ಅಲ್ಲಿ ದುಡ್ಡಿಲ್ಲ. ಗುಂಡಿ ಒಂಚೂರು ಕಮ್ಮಿ ಆಳ ಆಗಿದೆ, ಅಷ್ಟೆ. ಖರ್ಚು ಕಡಿಮೆ ಮಾಡೋ ಬಗ್ಗೆ ಯೋಚ್ನೆ ಮಾಡಿದೀರಾ?"

ಯೋಚನೆ ಮಾಡಿದ್ದೇನೆ ಎಂದ ಡೆನ್ಜಿಲ್. ಇನ್ನೇನಾದರೂ ಸಹಾಯ ಬೇಕೇ ಎಂದ ಕೀರನ್. ಇಲ್ಲ, ತುಂಬಾ ಉಪಕಾರವಾಯಿತು ಎಂದು ಇವನೇ ವಂದನೆ ಹೇಳಿ ಫೋನಿಟ್ಟ. ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂದು ದಿಂಬಿಗೆ ಒಂದು ಗುದ್ದಿದ.

ಖರ್ಚು ಕಡಿಮೆ ಮಾಡುವುದರಲ್ಲಿ ಅವನು ಆಗಲೇ ಪಂಡಿತನಾಗಿದ್ದ. ಕೋಟಿನ ಜೇಬು, ಸೋಫಾದ ಸಂದಿ ತಡಕಿ ತೆಗೆದ ಚಿಲ್ಲರೆಯಲ್ಲಿ ಓಟ್ಸ್, ಅಕ್ಕಿ, ಡಬ್ಬಿ ಬೀನ್ಸ್. ಸಂಜೆ ಸೂಪರ್ ಮಾರ್ಕೆಟಿನಲ್ಲಿ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುವ ಹೊತ್ತಿಗೆ, ಸುಮ್ಮನೆ ಆ ಕಡೆ ಬಂದವನಂತೆ ಬ್ರೆಡ್ಡಿನ ಸಾಲಿನಲ್ಲಿ ಸುಳಿದಾಡುವುದು. ಬಸ್ಸು ಬಿಟ್ಟು ನಡೆಯುವುದು. ಮಿಕ್ಕಂತೆ ವಿಶ್ವವಿದ್ಯಾಲಯದಲ್ಲಿ ತಿಂಡಿ ಇಡುವ ಭಾಷಣಗಳು. ಮಧ್ಯಯುಗದ ಮಠಗಳ ಚರಂಡಿ ವ್ಯವಸ್ಥೆಯ ಬಗ್ಗೆ ಒಂದು ಉಪನ್ಯಾಸಕ್ಕೆ ಬಂದ ಐವರಲ್ಲಿ ಇವನೊಬ್ಬ. ಬಿಸ್ಕತ್ತು ಚೆನ್ನಾಗಿದ್ದವು, ಹಾಗಾಗಿ ಎರಡು ಪ್ರಶ್ನೆಗಳನ್ನೂ ಕೇಳಿದ. ಪ್ರೊಫೆಸರರು ಭಾವುಕರಾದರು. ಒಂದು ದೊಡ್ಡ ಲೆಕ್ಕಪರಿಶೋಧಕ ಕಂಪನಿಯವರು "ಯೌವನದಲ್ಲೇ ಹೂಡಿಕೆ" ಎಂಬ ವಿಷಯದ ಮೇಲೆ ಮಾತಾಡಿ ಪೀಟ್ಸಾ ಹಂಚಿದರು. ಅಲ್ಲಿ ಅವನಿಗೆ ಮೂರು ತುಂಡು ಪೀಟ್ಸಾವೂ ಷೇರುಗಳನ್ನು ಒಂದೇ ಕಡೆ ಹಾಕಬಾರದೆಂಬ ಜ್ಞಾನವೂ ಸಿಕ್ಕಿತು.

ತೊಂದರೆಯೆಂದರೆ ಇದನ್ನೆಲ್ಲ ಮನೆಯವರು ನೋಡುತ್ತಿದ್ದರು. ಒಂದು ಸಂಜೆ ರೂಪರ್ಟ್ ಅಡುಗೆಮನೆಗೆ ಬಂದು ಇವನ ತಟ್ಟೆ ಇಣುಕಿದ.

"ನಿನ್ನೆನೂ ಬೀನ್ಸು, ಮೊನ್ನೆನೂ ಬೀನ್ಸು. ಇದೂ ವ್ರತಾನಾ?"

ಡೆನ್ಜಿಲ್‌ನ ಬಾಯಲ್ಲಿ ಬೀನ್ಸಿತ್ತು. ತಲೆಯಾಡಿಸಿದ. ಹೌದೆಂದೂ ತಿಳಿಯಬಹುದು, ಅಲ್ಲವೆಂದೂ ತಿಳಿಯಬಹುದು, ಅಂಥ ತಲೆಯಾಟ.

"ಮೇವ್! ಕೇಳಿದ್ಯಾ! ಇವ್ನು ಬಡವ್ರ್ ಥರಾನೇ ಬದುಕ್ತಾ ಇದಾನೆ!"

ಮೇವ್ ಅದನ್ನು ತನ್ನ ತರಗತಿಯ ಗುಂಪಿಗೆ ಹಾಕಿದಳು. ರೂಪರ್ಟ್ ಶಿಯರರ್ಸ್‌ನಲ್ಲಿ ವಾರಕ್ಕೊಮ್ಮೆ ನಡೆಯುವ ಕ್ವಿಜ್ಜಿನ ತಂಡಗಳಿಗೆಲ್ಲ ಹೇಳಿದ. ದಿನಕ್ಕೊಂದು ಪೌಂಡಿನಲ್ಲಿ ಊಟ, ಇದಕ್ಕೆ ಇಷ್ಟು. ಬಸ್ಸು ಹತ್ತದೆ ನಡಿಗೆ, ಇದಕ್ಕೆ ಇಷ್ಟು. ಡೆನ್ಜಿಲ್ ಬಿಲ್ಲಿನ ಭಯಕ್ಕೆ ಮನೆಯ ಹೀಟಿಂಗ್ ಆರಿಸಿ ಕೋಟು ಹಾಕಿಕೊಂಡು ಕೂತರೆ ಅದಕ್ಕೂ ಬೇರೆ ದರ ನಿಗದಿಯಾಯಿತು. ಅವನ ದರಿದ್ರದ ಒಂದೊಂದು ಅಂಗಕ್ಕೂ ಪ್ರಾಯೋಜಕರು ಸಿಕ್ಕರು. ಮುಖವೇ ನೋಡಿರದವರು ಐದು, ಹತ್ತು ಕಳಿಸಿದರು. ದಾರಿಯಲ್ಲಿ ಹುಡುಗಿಯರು ತಡೆದು, "ನೀನೇ ಅಲ್ವಾ ಅವ್ನು? ನಂಗಂತೂ ಮೂರ್ ದಿನಾನೂ ಆಗಲ್ಲಪ್ಪ, ನಿನ್ ಮನಸ್ಸು ಗಟ್ಟಿ" ಎಂದು ಹೊಗಳಿದರು. ನನಗೂ ಆಗುವುದಿಲ್ಲ ತಾಯಿ ಎಂದು ಅವನಿಗೆ ಕೂಗಬೇಕೆನಿಸುತ್ತಿತ್ತು. ಹೊಟ್ಟೆ ತಾಳ ಹಾಕುತ್ತಿತ್ತು, ಮುಖ ನಗುತ್ತಿತ್ತು.

ಬಂದ ದುಡ್ಡೆಲ್ಲ ಬಂದ ದಾರಿಯಲ್ಲೇ ಗುಂಡಿಗೆ ಬಿತ್ತು. ಮಾರ್ಚ್ ನಡುವೆ ಲೆಕ್ಕ ಹಾಕಿದರೆ ಮುನ್ನೂರ ನಲವತ್ತು ಪೌಂಡು ಸೇರಿತ್ತು, ಖಾತೆ ಗೆರೆಯ ಮೇಲೆ ತಲೆ ಎತ್ತಿತ್ತು. ನಾಳೆ ಕಾರ್ಡು ಬಿಡುತ್ತಾರೆ, ಬಂದಷ್ಟನ್ನು ತೆಗೆದುಬಿಡುತ್ತೇನೆ ಎಂದು ಅವನು ಆಸೆಯಿಂದ ಮಲಗಿದ. ಬೆಳಿಗ್ಗೆ ಗ್ಯಾಸಿನ ಕಂಪನಿ ತನ್ನ ಚಳಿಗಾಲದ ಬಾಕಿಯನ್ನು ಎಳೆದುಕೊಂಡಿತ್ತು. ಖಾತೆ ಮತ್ತೆ ಗೆರೆಯ ಕೆಳಗೆ. ಮೇಲಿನ ಬಚ್ಚಲಿನಲ್ಲಿ ರೂಪರ್ಟ್ ಹಾಡುತ್ತಿದ್ದ. ಹಸಿದವರಿಗೆಂದು ಊರು ಕೊಟ್ಟ ದುಡ್ಡು ಪೈಪಿನಲ್ಲಿ ಬಿಸಿಯಾಗಿ ಹರಿದು ಅವನ ತೊಟ್ಟಿಗೆ ಬೀಳುವ ಸದ್ದನ್ನು ಡೆನ್ಜಿಲ್ ಹಾಸಿಗೆಯಲ್ಲಿ ಕೂತು ಕೇಳಿದ.

ಹೆದರಿಕೆ ಶುರುವಾದದ್ದು ಆಗ. ಇಲ್ಲಿಯವರೆಗೆ ಅವನು ಬಡವನಾಗಿದ್ದ, ಅದೇನು ಅಪರಾಧವಲ್ಲ. ಈಗ ಬಡವರ ಬಾಯಿಯ ತುತ್ತು ಕಸಿದವನಾಗಿದ್ದ. ಊರಿನಲ್ಲಿ ಅಮ್ಮ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು, ಅಪ್ಪ ಮೀನಿನ ಹರಾಜಿನಲ್ಲಿ ಪೆಟ್ಟಿಗೆ ಹೊರುವವನು. ಕೇಳಿದರೆ ಎಲ್ಲಿಂದಾದರೂ ಕಳಿಸಿಯಾರು, ಆದರೆ ಯಾಕೆ ಎಂದು ಕೇಳಿದರೆ ಏನು ಹೇಳುವುದು? ಚರ್ಚಿನ ಹುಂಡಿ ತಿಂದೆ ಎನ್ನುವುದೇ?

ವಿಶ್ವವಿದ್ಯಾಲಯದಲ್ಲಿ ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೊಂದು ನಿಧಿ ಇತ್ತು. ನಾಚಿಕೆ ಬಿಟ್ಟು ಅಲ್ಲಿಗೂ ಹೋದ. ಕನ್ನಡಕದ ಹೆಂಗಸೊಬ್ಬರು ಅವನ ಖಾತೆಯ ವಿವರವನ್ನು ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಓಡಿಸಿದರು.

"ನಿಮ್ಗೆ ಒಳ್ಳೇ ಆದಾಯ ಇದೆಯಲ್ಲ. ವಾರಾ ವಾರಾ ಬರ್ತಿದೆ."

"ಅದು ದಾನದ್ದು ಮೇಡಂ. ನಾನು ಊಟ ಬಿಟ್ಟಿದ್ದಕ್ಕೆ ಕೊಟ್ಟಿದ್ದು."

"ಊಟ ಯಾಕೆ ಬಿಟ್ರಿ?"

"ದುಡ್ಡಿರ್ಲಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ನಿಜವಾಗಿ ಕಷ್ಟದಲ್ಲಿರುವವರಿಗೆ ಈ ನಿಧಿ, ಎಂದು ಮೃದುವಾಗಿ ಹೇಳಿ, ಹಣ ನಿರ್ವಹಣೆಯ ಕುರಿತು ಒಂದು ಬಣ್ಣದ ಕರಪತ್ರ ಕೊಟ್ಟು ಕಳಿಸಿದರು.

ಮನೆಗೆ ಬಂದರೆ ಮೇವ್ ಕುಣಿಯುತ್ತಿದ್ದಳು. "ಎಲ್ಲಾ ಗೊತ್ತು ಮಾಡಿದೀನಿ! ರಜಕ್ಕೆ ಎಲ್ರೂ ಊರಿಗ್ ಹೊರಡೋಕ್ ಮುಂಚೆ, ಶುಕ್ರವಾರ, ಶಿಯರರ್ಸಲ್ಲಿ. ಫುಡ್ ಬ್ಯಾಂಕ್ ನಡ್ಸೋರು, ಮಿಸೆಸ್ ಓಲ್ಡ್‌ರಾಯ್ಡ್ ಅಂತ, ಅವ್ರೇ ಬರ್ತಾರೆ. ಎಲ್ರ ಎದುರಿಗೆ ನೀನು ಲಕೋಟೆ ಕೊಡ್ಬೇಕು. ನಗದೇ ಆಗ್ಬೇಕಂತೆ, ಈಸ್ಟರ್ ಚೀಲಕ್ಕೆ ಸಾಮಾನ್ ತರೋಕೆ."

"ಈಸ್ಟರ್‌ಗೆ ಇನ್ನೂ ಒಂದು ವಾರ ಇದೆಯಲ್ಲೇ. ವ್ರತ ಮುಗಿದಿಲ್ಲ," ಎಂದ ಡೆನ್ಜಿಲ್.

"ದೇವ್ರು ಒಂದ್ ವಾರ ಮಾಫಿ ಮಾಡ್ತಾನೆ ಬಿಡು. ರೈಲ್ ಟಿಕೆಟ್ ಒಂದ್ ದಿನಾನೂ ಮಾಫಿ ಮಾಡಲ್ಲ."

ಉಳಿದದ್ದು ಒಂದೇ ಬಾಗಿಲು. ರೂಪರ್ಟ್ ತನ್ನ ಗ್ಯಾಸಿನ ಪಾಲು ಪೂರ್ತಿ ಕೊಟ್ಟರೆ, ಅದೂ ಖಾತೆಗಲ್ಲ, ಕೈಗೆ ಕೊಟ್ಟರೆ, ಲಕೋಟೆಯ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಗುರುವಾರ ಡೆನ್ಜಿಲ್ ಕನ್ನಡಿಯ ಮುಂದೆ ನಿಂತು ಒಂದು ವಾಕ್ಯವನ್ನು ಕಲಿತ. ಆಮೇಲೆ ರೂಪರ್ಟನ ಕೋಣೆಯ ಬಾಗಿಲು ತಟ್ಟಿದ.

"ರೂಪರ್ಟ್, ಒಂದ್ ಮಾತು. ಆ ಗ್ಯಾಸ್..."

"ಅಯ್ಯೋ, ಅದೇ ಗುರೂ! ನಾನೇ ಹೇಳೋಣ ಅಂತಿದ್ದೆ!" ರೂಪರ್ಟ್ ಎದ್ದು ಬಂದ. ಡೆನ್ಜಿಲ್‌ನ ಎದೆ ಹಗುರಾಯಿತು. "ಬಿಸ್ನೀರು ಯಾಕೋ ಸಾಕಾಗ್ತಿಲ್ಲ. ನೀನು ಕಂಪನಿಯೋರ್ ಹತ್ರ ಮಾತಾಡ್ತೀಯಲ್ಲ, ಒಂದ್ ಮಾತ್ ಹೇಳ್ತೀಯಾ? ಅವಸರ ಇಲ್ಲ."

"ಹೇಳ್ತೀನಿ," ಎಂದ ಡೆನ್ಜಿಲ್. "ತೊಂದ್ರೆ ಇಲ್ಲ. ಕ್ಷಮಿಸು." ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಅಳು ಬಂತು, ಅತ್ತ. ಇಪ್ಪತ್ತು ವರ್ಷದ ಗಂಡು, ಆರಡಿ ಆಳು, ಒಂದು ವಾಕ್ಯ ಹೇಳಲಾಗದೆ ಅತ್ತ.

ಶುಕ್ರವಾರ ಸಂಜೆ ಶಿಯರರ್ಸ್ ಕಿಕ್ಕಿರಿದಿತ್ತು. ಇತಿಹಾಸದವರು, ನರ್ಸಿಂಗಿನವರು, ಕ್ವಿಜ್ಜಿನ ಐದು ತಂಡಗಳು. ಮುಂದಿನ ಮೇಜಿನಲ್ಲಿ ಮಿಸೆಸ್ ಓಲ್ಡ್‌ರಾಯ್ಡ್ ಕೂತಿದ್ದರು. ಹಿಂದೆ ಎಲ್ಲೋ ಮುಖ್ಯೋಪಾಧ್ಯಾಯಿನಿಯಾಗಿದ್ದವರಂತೆ, ನೆಟ್ಟಗಿನ ಬೆನ್ನು, ತೊಡೆಯ ಮೇಲೆ ದೊಡ್ಡ ಚೀಲ, ಮುಂದೆ ನಿಂಬೆ ಶರಬತ್ತು. ಮೇವ್ ಕುರ್ಚಿ ಹತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಚಪ್ಪಾಳೆ ಬಿತ್ತು. ಡೆನ್ಜಿಲ್ ನೀರಿನ ಗ್ಲಾಸು ಹಿಡಿದು ಎದ್ದು ನಿಂತ. ಜೇಬಿನಲ್ಲಿ ಲಕೋಟೆ ಇರಲಿಲ್ಲ. ಓಡಿಹೋಗಲು ಬಾಗಿಲು ಹತ್ತಿರವೂ ಇರಲಿಲ್ಲ.

"ನಾನೊಂದ್ ವಿಷ್ಯ ಹೇಳ್ಬೇಕು," ಎಂದ. "ಲಕೋಟೆ ತಂದಿಲ್ಲ. ದುಡ್ಡಿಲ್ಲ. ಬ್ಯಾಂಕ್ ತಿಂತು."

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ ಎಂದರು.

"ನಿಜವಾಗ್ಲೂ. ನಾನು ವ್ರತಗಿತ ಏನೂ ಮಾಡ್ಲಿಲ್ಲ. ಒಂದ್ ಸುತ್ತು ಕೊಡ್ಸೋಕೆ ಕಾಸಿರ್ಲಿಲ್ಲ, ಅದಕ್ಕೇ ಸುಳ್ಳು ಹೇಳ್ದೆ. ನೀವು ಬೀನ್ಸ್ ತಿನ್ನೋದು ತ್ಯಾಗ ಅಂದ್ಕೊಂಡ್ರಿ. ನಂಗದು ಊಟ."

ನಗು ಈಗ ಮೇಜಿಂದ ಮೇಜಿಗೆ ಹತ್ತಿಕೊಂಡಿತು. ಈ ದೇಶದಲ್ಲಿ ಕೈಯಲ್ಲಿ ಗ್ಲಾಸು ಹಿಡಿದು ನಿಂತವನು ತನ್ನ ಮಾನ ತಾನೇ ಕಳೆದುಕೊಳ್ಳುವ ಮಾತಾಡಿದರೆ ಅದು ತಮಾಷೆಯೇ. ನಿಜ ಹೇಳುವ ಜಾಗ ಇದಲ್ಲ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ನಿಜ ಹೇಳಿಯಾರು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಡೆನ್ಜಿಲ್‌ಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲಿ, ಆರು ತಿಂಗಳು ಗಂಟಲಲ್ಲಿ ಸಿಕ್ಕಿಕೊಂಡಿದ್ದ ವಾಕ್ಯ ತಾನಾಗಿ ಹೊರಬಂತು.

"ರೂಪರ್ಟ್ ಅಕ್ಟೋಬರ್‌ನಿಂದ ಗ್ಯಾಸ್ ದುಡ್ಡು ಕೊಟ್ಟಿಲ್ಲ! ಹಸಿದೋರಿಗೆ ಅಂತ ನೀವ್ ಕಳ್ಸಿದ್ ದುಡ್ಡಲ್ಲಿ ಇವ್ನು ದಿನಾ ಎರಡು ಹೊತ್ತು ಸ್ನಾನ ಮಾಡಿದಾನೆ!"

ಪಬ್ಬಿನ ಸೂರು ಹಾರಿಹೋಗುವಂತೆ ನಕ್ಕರು. ರೂಪರ್ಟ್ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ನಾಟಕದವನಂತೆ ಬಗ್ಗಿ ನಮಸ್ಕರಿಸಿದ. ಕ್ವಿಜ್ಜಿನ ನಾಯಕನೊಬ್ಬ ಮೇಜು ಗುದ್ದಿ ಗುದ್ದಿ ನಕ್ಕ. ಮೇವ್ ತನ್ನ ಉಣ್ಣೆಯ ಟೋಪಿ ತೆಗೆದು, "ಬ್ಯಾಂಕ್ ತಿಂದಿದ್ದನ್ನ ಕಕ್ಕಿಸ್ರಪ್ಪಾ!" ಎಂದು ಕೂಗುತ್ತಾ ಮೇಜುಗಳ ನಡುವೆ ತಿರುಗಿದಳು. ಭಾಷಣಕ್ಕೆ ಮೆಚ್ಚಿ ಜನ ನೋಟು ಹಾಕಿದರು, ಚಿಲ್ಲರೆ ಹಾಕಿದರು. ಎಲ್ಲರಿಗಿಂತ ಮೊದಲು ರೂಪರ್ಟ್ ಹಾಕಿದ. "ಗ್ಯಾಸಿಂದು!" ಎಂದು ಗಟ್ಟಿಯಾಗಿ ಹೇಳಿಯೇ ಹಾಕಿದ, ಅದಕ್ಕೆ ಇನ್ನೊಂದು ಸುತ್ತು ನಗು. ಟೋಪಿ ಮುಂದಿನ ಮೇಜಿಗೆ ಬರುವಷ್ಟರಲ್ಲಿ ಮುನ್ನೂರ ನಲವತ್ತು ದಾಟಿತ್ತು. ಕೊಡಬೇಕಾದದ್ದು ಕೊಟ್ಟಂತಾಯಿತು, ಕಳ್ಳ ಎನ್ನಿಸಿಕೊಳ್ಳುವುದು ತಪ್ಪಿತು. ಹೇಳಿದ್ದನ್ನು ಮಾತ್ರ ಒಬ್ಬರೂ ನಂಬಿರಲಿಲ್ಲ.

ಒಬ್ಬರು ನಕ್ಕಿರಲಿಲ್ಲ. ಮಿಸೆಸ್ ಓಲ್ಡ್‌ರಾಯ್ಡ್ ಟೋಪಿಯನ್ನು ಚೀಲಕ್ಕೆ ಸುರಿದುಕೊಂಡು, ಕೋಟು ತೆಗೆದುಕೊಳ್ಳುವ ನೆಪದಲ್ಲಿ ಬಾಗಿಲ ಬಳಿ ಅವನನ್ನು ಕರೆದರು.

"ಅಷ್ಟೂ ನಿಜಾನೇ ಅಲ್ವಾ ಪುಟ್ಟಾ?"

ಇಲ್ಲ, ನಾನು ಆರಾಮಾಗಿದ್ದೇನೆ ಎನ್ನಲು ಬಾಯಿ ತೆರೆದ. ಆ ಹೆಂಗಸಿನ ಮುಖ ನೋಡಿ ಅದು ಹೊರಡಲಿಲ್ಲ. "ಹೌದು," ಎಂದ.

"ಊರಿಗ್ ಹೋಗ್ತಿಲ್ವಾ ರಜಕ್ಕೆ?"

"ಟಿಕೆಟ್‌ಗೆ ಇಲ್ಲ. ಓದೋದಿದೆ ಅಂತ ಅಮ್ಮಂಗೆ ಹೇಳಿದೀನಿ."

"ಗುರುವಾರ ಚರ್ಚಿನ ಹಾಲಿಗೆ ಬಾ. ಚೀಲ ತಗೊಂಡ್ ಬಾ."

"ಅದು ಹ್ಯಾಗೆ ಬರ್ಲಿ ಮೇಡಂ? ಊರ್ ತುಂಬಾ ನನ್ ಹೆಸ್ರಲ್ಲಿ ನಿಮ್ಗೆ ದುಡ್ಡೆತ್ತಿದಾರೆ. ನಾನೇ ಬಂದು ಚೀಲ ಒಡ್ಡಿದ್ರೆ? ಯಾರಾದ್ರೂ ನೋಡಿದ್ರೆ?"

"ಹಿಂದ್ಗಡೆ ಒಂದ್ ಬಾಗ್ಲಿದೆ, ಸ್ಮಶಾನದ ಕಡೆಯಿಂದ. ಓದೋ ಹುಡುಗ್ರೆಲ್ಲ ಅಲ್ಲಿಂದ್ಲೇ ಬರೋದು."

"ಓದೋ ಹುಡುಗ್ರಾ? ಯಾರು?"

"ಹೆಸ್ರು ಹೇಳಲ್ಲಪ್ಪ." ಅವರು ಕೋಟಿನ ಗುಂಡಿ ಹಾಕಿಕೊಂಡರು. ಒಂದು ಸಲ ಒಳಗೆ ನೋಡಿದರು. "ಇಷ್ಟೊತ್ತು ನಗ್ತಿದ್ರಲ್ಲ, ಅವ್ರಲ್ಲೇ ಮೂರು ಜನ ಇದಾರೆ. ಪಾಪ, ಟೋಪಿಗೂ ಹಾಕಿದ್ರು."

ಡೆನ್ಜಿಲ್ ತಿರುಗಿ ನೋಡಿದ. ನಗು ಇನ್ನೂ ಇಳಿದಿರಲಿಲ್ಲ. ಮೇವ್ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ರೂಪರ್ಟ್ ಕೆಂಪೇರಿದ ಮುಖದಲ್ಲಿ, ಖಾಲಿ ಪರ್ಸನ್ನು ಜೇಬಿಗೆ ಸೇರಿಸುತ್ತಾ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಕ್ವಿಜ್ಜಿನ ನಾಯಕ ಇನ್ನೂ ಮೇಜು ಗುದ್ದುತ್ತಿದ್ದ. ಒಂದೊಂದೇ ಮುಖವನ್ನು ನೋಡುತ್ತಾ ಹೋದ. ಆ ಮೂವರು ಯಾರು ಎಂದು ಹೇಳಲಾಗಲಿಲ್ಲ, ಯಾರಲ್ಲ ಎಂದೂ ಹೇಳಲಾಗಲಿಲ್ಲ. ತಾನೂ ಇಷ್ಟು ದಿನ ಹೀಗೇ ನಕ್ಕಿದ್ದೆನಲ್ಲ ಎಂದುಕೊಂಡ.

ಮಿಸೆಸ್ ಓಲ್ಡ್‌ರಾಯ್ಡ್ ಬಾಗಿಲು ದೂಡಿ ಹೊರಗೆ ಕಾಲಿಟ್ಟಿದ್ದರು.

"ಮೇಡಂ," ಎಂದು ಅವನು ಕೂಗಿ ಕೇಳಿದ, "ಮುಂದ್ಗಡೆ ಬಾಗ್ಲು ಎಷ್ಟೊತ್ತಿಗೆ ತೆಗೀತೀರಿ?"